ಬಚ್ಚಲ ಬಿಸಿನೀರಿನಿಂದ ಲೋಹದ ವಿಮಾನದವರೆಗೆ

ಬಚ್ಚಲುಮನೆಯ ಗ್ಯಾಸ್ ಗೀಸರ್‌ಗೂ ಆಗಸದ ಲೋಹದ ಹಕ್ಕಿಗೂ ಎಲ್ಲಿಯ ನಂಟು? ಜರ್ಮನಿಯ ಹ್ಯೂಗೋ ಯುಂಕರ್ಸ್ ಅವರ ಬದುಕಿನಲ್ಲಿ ಮಾತ್ರ ಇವೆರಡೂ ಒಂದೇ ವಿದ್ಯೆಯ ಫಲಗಳು. ಅದು ಶಾಖವನ್ನು ಅಳೆಯುವ ಮತ್ತು ಪಳಗಿಸುವ ವಿದ್ಯೆ.

1859ರ ಫೆಬ್ರವರಿ 3ರಂದು ರೈಟ್ ಪಟ್ಟಣದಲ್ಲಿ ಜನಿಸಿದ ಯುಂಕರ್ಸ್, ಡೆಸ್ಸೌ ನಗರದಲ್ಲಿ ಗ್ಯಾಸ್ ಎಂಜಿನ್‌ಗಳ ಸಂಶೋಧನೆಗೆ ತೊಡಗಿದರು. ಅನಿಲ ಉರಿದಾಗ ಹೊಮ್ಮುವ ಶಾಖವೆಷ್ಟೆಂದು ತಿಳಿಯದೆ ಎಂಜಿನ್ ಸುಧಾರಿಸುವಂತಿರಲಿಲ್ಲ. ಅದಕ್ಕೆಂದೇ ಅವರು ಕ್ಯಾಲೊರಿಮೀಟರ್ ರೂಪಿಸಿದರು. ಜ್ವಾಲೆಯ ಸುತ್ತ ನೀರು ಹರಿಸಿ, ಒಳಬರುವ ಹಾಗೂ ಹೊರಹೋಗುವ ನೀರಿನ ಉಷ್ಣತೆಯ ಅಂತರದಿಂದ ಲೆಕ್ಕ ಹಾಕುವ ಸಾಧನವದು. ಇಷ್ಟು ಚೆನ್ನಾಗಿ ನೀರು ಕಾಯಿಸುವ ಯಂತ್ರ ಪ್ರಯೋಗಾಲಯದಲ್ಲೇ ಉಳಿಯಬೇಕೇಕೆ? 1895ರಲ್ಲಿ ಆರಂಭವಾದ ಅವರ ಕಂಪನಿ ಗೀಸರ್‌ಗಳನ್ನು ತಯಾರಿಸಿ ಹೆಸರು, ಹಣ ಎರಡನ್ನೂ ಗಳಿಸಿತು. 1897ರಲ್ಲಿ ಯುಂಕರ್ಸ್ ಆಖೆನ್‌ನಲ್ಲಿ ಪ್ರಾಧ್ಯಾಪಕರಾದರು.

ವಿಮಾನದ ಗೀಳು ಹತ್ತಿದ್ದು ಐವತ್ತರ ಆಸುಪಾಸಿನಲ್ಲಿ. ಆಗಿನ ವಿಮಾನಗಳ ಎಂಜಿನ್ ತಂಪಾಗಿಸುವ ರೇಡಿಯೇಟರ್‌ಗಳು ಬಹುತೇಕ ಹೊರಗೆ ಗಾಳಿಗೊಡ್ಡಿಕೊಂಡು ತೂಗುತ್ತಿದ್ದವು. ವೇಗಕ್ಕೆ ಅದೇ ಅಡ್ಡಿ. ರೇಡಿಯೇಟರನ್ನು ಕೊಳವೆಯೊಳಗೆ ಕೂರಿಸಿದರೆ? ಒಳನುಗ್ಗಿದ ಗಾಳಿ ಅಗಲವಾದ ಜಾಗದಲ್ಲಿ ನಿಧಾನಗೊಂಡು, ಶಾಖ ಹೀರಿ ಹಿಗ್ಗಿ, ಹಿಂಬದಿಯ ಕಿರಿದಾದ ಬಾಯಿಯಿಂದ ವೇಗವಾಗಿ ಹೊರಚಿಮ್ಮುತ್ತದೆ. ತಂಪಾಗಿಸುವ ವ್ಯವಸ್ಥೆ ತಂದೊಡ್ಡುವ ನಷ್ಟದಲ್ಲಿ ಒಂದಷ್ಟು ಹೀಗೆ ಮರಳಿ ದಕ್ಕುತ್ತದೆ. ಈ ತತ್ವಕ್ಕೆ ಅವರು 1915ರಲ್ಲಿ ಪೇಟೆಂಟ್ ಕೋರಿದರು. ಬ್ರಿಟನ್ನಿನ ಮೆರೆಡಿತ್ ಹೆಸರಿನಲ್ಲಿ ಇದೇ ತತ್ವ ಪ್ರಸಿದ್ಧಿಗೆ ಬಂದದ್ದು ಎರಡು ದಶಕಗಳ ತರುವಾಯ!

ಅದೇ ವರ್ಷದ ಡಿಸೆಂಬರ್ 12ರಂದು ಉಕ್ಕಿನ ತಗಡಿನ ಜೆ 1 ವಿಮಾನ ನೆಲ ಬಿಟ್ಟಿತು. ಅದರ ರೇಡಿಯೇಟರ್ ಇದ್ದದ್ದು ಹೊಟ್ಟೆಯಡಿಯಲ್ಲಿ. ಭಾರದಿಂದಾಗಿ ಮೇಲೇರಲು ತಿಣುಕುತ್ತಿದ್ದ ಅದಕ್ಕೆ ತಗಡಿನ ಕತ್ತೆ ಎಂಬ ಅಡ್ಡಹೆಸರೂ ಬಿತ್ತು. ಆದರೂ ಮರ, ಬಟ್ಟೆಗಳ ವಿಮಾನಯುಗ ಮುಗಿಯುವ ಸೂಚನೆ ಅಲ್ಲಿತ್ತು. 1919ರ ಜೂನ್ 25ರಂದು ಹಾರಿದ ಎಫ್ 13ರಲ್ಲಿ ನಾಲ್ವರು ಪ್ರಯಾಣಿಕರಿಗೆ ಮುಚ್ಚಿದ, ಬೆಚ್ಚಗಿನ ಕ್ಯಾಬಿನ್ ದೊರೆಯಿತು.

ವಿಮಾನ ಜನರನ್ನು ಹತ್ತಿರ ತರಬೇಕೆಂಬುದು ಯುಂಕರ್ಸ್ ಅವರ ಹಂಬಲವಾಗಿತ್ತು. 1930ರ ದಶಕದ ಆರಂಭದ ಆರ್ಥಿಕ ಮುಗ್ಗಟ್ಟಿನಲ್ಲಿ ಗೀಸರ್ ಕಂಪನಿಯನ್ನು ಬಾಷ್ ಸಂಸ್ಥೆಗೆ ಮಾರಬೇಕಾಯಿತು. 1933ರಲ್ಲಿ ನಾಜಿ ಸರ್ಕಾರ ದೇಶದ್ರೋಹದ ಆರೋಪದ ಬೆದರಿಕೆಯೊಡ್ಡಿ ಪೇಟೆಂಟ್‌ಗಳನ್ನೂ ವಿಮಾನ ಕಂಪನಿಯ ಬಹುಪಾಲು ಷೇರುಗಳನ್ನೂ ಕಿತ್ತುಕೊಂಡಿತು. ಡೆಸ್ಸೌದಿಂದ ಹೊರಹಾಕಲ್ಪಟ್ಟ ಅವರು ಗೃಹಬಂಧನದಲ್ಲಿದ್ದಾಗಲೇ, 1935ರಲ್ಲಿ ತಮ್ಮ 76ನೇ ಹುಟ್ಟುಹಬ್ಬದ ದಿನ ಕೊನೆಯುಸಿರೆಳೆದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸ್ಟೂಕಾ ಬಾಂಬರ್ ಮೊದಲ ಬಾರಿಗೆ ಹಾರಿತು, ಯುಂಕರ್ಸ್ ಹೆಸರನ್ನೇ ಹೊತ್ತು.