ಹೆಸರನ್ನು ಬಚ್ಚಿಟ್ಟ ವಿದ್ಯಾರ್ಥಿ

ತುಂಗಭದ್ರೆಯ ನೀರುಂಡು ಬೆಳೆಯುವ ಸಿರುಗುಪ್ಪದ ಭತ್ತದ ಗದ್ದೆಗಳ ನಡುವೆ ಒಂದು ಕೃಷಿ ಸಂಶೋಧನಾ ಕೇಂದ್ರವಿದೆ. ಅಣೆಕಟ್ಟು ಏಳುವುದಕ್ಕೆ ಮೊದಲೇ, ಈ ಸೀಮೆಯ ಎರೆಮಣ್ಣು ನೀರಾವರಿಯನ್ನು ತಾಳುವುದೇ ಎಂದು ಪರೀಕ್ಷಿಸಲು ಹುಟ್ಟಿದ ಕೇಂದ್ರ ಅದು. ಇಂಥ ಕೇಂದ್ರಗಳಲ್ಲಿ ಹೊಸ ತಳಿಯೊಂದನ್ನು ಒಂದೇ ದೊಡ್ಡ ಗದ್ದೆಯಲ್ಲಿ ಬಿತ್ತಿ ನೋಡುವುದಿಲ್ಲ. ನಾಲ್ಕಾರು ಪುಟ್ಟ ಮಡಿಗಳಲ್ಲಿ ಹಳೆಯ ತಳಿಯ ಜೊತೆಜೊತೆಗೆ ಹರಡಿ ಬಿತ್ತುತ್ತಾರೆ. ಕೊಯ್ಲಾದಾಗ ಹೊಸದು ಹಳೆಯದಕ್ಕಿಂತ ತುಸು ಹೆಚ್ಚು ತೂಗಿತೆನ್ನೋಣ. ಆ ಹೆಚ್ಚಳ ಬೀಜದ ಗುಣವೋ, ಮಡಿಯ ಮಣ್ಣಿನ ಗುಣವೋ, ಇಲ್ಲವೆ ಆ ವರ್ಷದ ಅದೃಷ್ಟವೋ? ತಪ್ಪಾಗಿ ತೀರ್ಮಾನಿಸಿದರೆ ಅದರ ಬೆಲೆ ತೆರುವವನು ವಿಜ್ಞಾನಿಯಲ್ಲ. ಸಾಲ ತಂದು ಬೀಜ ಬದಲಿಸಿದ ರೈತ.

ಬೆರಳೆಣಿಕೆಯ ಮಾದರಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಈ ಪ್ರಶ್ನೆಗೆ ಲೆಕ್ಕದ ಉತ್ತರವನ್ನು ಕಂಡುಕೊಟ್ಟವನು ರೈತನಲ್ಲ, ಗಣಿತದ ಪ್ರಾಧ್ಯಾಪಕನೂ ಅಲ್ಲ. ಅವನು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಬೀರು ತಯಾರಿಸುತ್ತಿದ್ದ ವಿಲಿಯಂ ಸೀಲಿ ಗಾಸೆಟ್. ಈ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತ; ಅವನು ಇಟ್ಟುಕೊಂಡ ಮರೆಹೆಸರು ಮಾತ್ರ ಸಂಖ್ಯಾಶಾಸ್ತ್ರ ಓದಿದ ಎಲ್ಲರ ಬಾಯಲ್ಲೂ ಇದೆ. ಸ್ಟೂಡೆಂಟನ ಟಿ-ಪರೀಕ್ಷೆ ಎಂದರೆ ಎಳೆಯರಿಗೆಂದು ಸುಲಭಗೊಳಿಸಿದ ಯಾವುದೋ ಪರೀಕ್ಷೆಯೆಂದು ನಂಬಿದ ಪದವೀಧರರನ್ನೂ ಈ ಲೇಖಕ ಕಂಡದ್ದುಂಟು.

ಗಾಸೆಟ್ ಹುಟ್ಟಿದ್ದು 1876ರ ಜೂನ್ 13ರಂದು, ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ. ತಂದೆ ಸೈನ್ಯದ ಎಂಜಿನಿಯರುಗಳ ದಳದಲ್ಲಿ ಕರ್ನಲ್. ಹಿರಿಯ ಮಗನೂ ಅದೇ ದಾರಿ ಹಿಡಿಯಬೇಕೆಂದಿತ್ತು. ಕಣ್ಣಿನ ದೃಷ್ಟಿ ಮಂದವಾಗಿದ್ದುದರಿಂದ ಸೈನ್ಯದ ಬಾಗಿಲು ಮುಚ್ಚಿತು. ವಿಂಚೆಸ್ಟರಿನಲ್ಲಿ ಓದಿ, ಆಕ್ಸ್‌ಫರ್ಡಿನ ನ್ಯೂ ಕಾಲೇಜನ್ನು ಸೇರಿ, 1897ರಲ್ಲಿ ಗಣಿತದಲ್ಲಿಯೂ 1899ರಲ್ಲಿ ರಸಾಯನಶಾಸ್ತ್ರದಲ್ಲಿಯೂ ಮೊದಲ ದರ್ಜೆ ಪಡೆದನು. ಅದೇ 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಯಲ್ಲಿ ಕೆಲಸಕ್ಕೆ ನಿಂತವನು ಸಾಯುವವರೆಗೂ ಆ ಸಂಸ್ಥೆಯನ್ನು ಬಿಡಲಿಲ್ಲ.

ಪಾನನಿರೋಧದ ಮಾತು ಕೇಳಿ ಬೆಳೆದ ನಮ್ಮ ಓದುಗರಲ್ಲಿ ಕೆಲವರು ಇಲ್ಲಿ ಹುಬ್ಬೇರಿಸಬಹುದು. 1948ರ ಹೊತ್ತಿಗೆ ಮದರಾಸು ಪ್ರಾಂತವೆಲ್ಲ ಪಾನನಿರೋಧಕ್ಕೆ ಒಳಪಟ್ಟಿತ್ತು. ಬಳ್ಳಾರಿಯೂ ಆಗ ಅದರ ಭಾಗವಾಗಿತ್ತು. ಐರ್ಲೆಂಡಿನ ಕಥೆ ಬೇರೆ. ಅಲ್ಲಿ ಬೀರು ಹಿಂದಿನಿಂದಲೂ ಮನೆಯ ಅಡುಗೆಗೆ ಸೇರಿದ ಕಲೆ. ಅದರ ಕ್ರಮವೇನೂ ನಮ್ಮ ಗೃಹಿಣಿಯರಿಗೆ ಅಪರಿಚಿತವಲ್ಲ. ನಾವು ರಾಗಿಯನ್ನು ನೆನೆಯಿಟ್ಟು ಮೊಳಕೆ ಬರಿಸಿ ಒಣಗಿಸುವಂತೆ ಅವರು ಜವೆಗೋಧಿಗೆ ಮೊಳಕೆ ಬರಿಸಿ ಬಿಸಿಯಲ್ಲಿ ಒಣಗಿಸುತ್ತಾರೆ, ಅದೇ ಮಾಲ್ಟ್. ಅದನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ನೆನೆಸಿದರೆ ಕಾಳಿನ ಪಿಷ್ಟ ಸಕ್ಕರೆಯಾಗಿ ಸಿಹಿನೀರು ಇಳಿಯುತ್ತದೆ. ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವನ್ನು ಸೇರಿಸಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಇಡ್ಲಿಯ ಹಿಟ್ಟಿನಂತೆ ಹುದುಗುತ್ತದೆ. ಐರ್ಲೆಂಡಿನ ಕೆಂಪು ಏಲ್ ಎಂಬ ಪಾನೀಯಕ್ಕೆ ಆ ಕೆಂಪು ಬರುವುದು ಹಿಡಿಯಷ್ಟು ಹುರಿದ ಜವೆಯಿಂದ. ಹುರಿದದ್ದು ಹೆಚ್ಚಾದರೆ ಗಿನ್ನೆಸ್ಸಿನ ಸ್ಟೌಟಿನಂತೆ ಕಪ್ಪಾಗುತ್ತದೆ.

ಮನೆಯಲ್ಲಿ ಒಂದು ಹಂಡೆಯಷ್ಟು ಕಾಯಿಸುವವನಿಗೆ ನಾಲಗೆಯೇ ಪ್ರಯೋಗಶಾಲೆ. ಈ ಬಾರಿ ಕೆಟ್ಟರೆ ಚೆಲ್ಲಿ, ಮುಂದಿನ ಬಾರಿ ತಿದ್ದಿಕೊಂಡಾನು. 1759ರಲ್ಲಿ ಆರ್ಥರ್ ಗಿನ್ನೆಸ್ ಡಬ್ಲಿನ್ನಿನ ಸೇಂಟ್ ಜೇಮ್ಸ್ ಗೇಟಿನಲ್ಲಿ 9,000 ವರ್ಷದ ಗುತ್ತಿಗೆಗೆ ಜಾಗ ಹಿಡಿದು ಆರಂಭಿಸಿದ ಬ್ರೂವರಿ, ಗಾಸೆಟ್ ಬರುವ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದಾಗಿತ್ತು. ಅಲ್ಲಿ ನಾಲಗೆಯನ್ನು ನಂಬಿ ಕೂರುವಂತಿರಲಿಲ್ಲ. ಜವೆ ಹೊಲದಿಂದ ಹೊಲಕ್ಕೆ ಬೇರೆ, ಹಾಪ್ಸ್ ವರ್ಷದಿಂದ ವರ್ಷಕ್ಕೆ ಬೇರೆ. ಮಾಲಿಕರು ಆಕ್ಸ್‌ಫರ್ಡ್, ಕೇಂಬ್ರಿಜುಗಳಿಂದ ರಸಾಯನಶಾಸ್ತ್ರದ ಪದವೀಧರರನ್ನು ಕರೆತಂದು ಎಲ್ಲವನ್ನೂ ಅಳೆಯಲು ಹಚ್ಚಿದರು. ಅಳತೆಗಳು ರಾಶಿಬಿದ್ದವು. ಅವುಗಳ ಅರ್ಥ ಹೇಳುವವರಿರಲಿಲ್ಲ. ಗಣಿತ ಓದಿದವನೆಂಬ ಕಾರಣಕ್ಕೆ ಆ ಭಾರ ಗಾಸೆಟ್ಟನ ಹೆಗಲಿಗೆ ಬಂತು.

1904ರಲ್ಲಿ ಅವನು ಬ್ರೂವರಿಯ ಆಡಳಿತಕ್ಕೆ ಒಂದು ವರದಿ ಬರೆದನು. ಅದರ ತಿರುಳನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಒಂದು ಪೀಪಾಯಿ ಮಾಲ್ಟಿನಿಂದ ಇಳಿಯುವ ಸಕ್ಕರೆಯ ಅಂಶವನ್ನು ಅವರು ಡಿಗ್ರಿಗಳಲ್ಲಿ ಎಣಿಸುತ್ತಿದ್ದರು. ಗುರಿ ಸುಮಾರು 133 ಡಿಗ್ರಿ. ಅತ್ತಿತ್ತ ಅರ್ಧ ಡಿಗ್ರಿಯೊಳಗಿದ್ದರೆ ಸರಿ. ಅಳತೆಯನ್ನು ಎಷ್ಟು ಸಲ ಮಾಡಿದರೆ ಅದರ ಸರಾಸರಿಯನ್ನು ಅರ್ಧ ಡಿಗ್ರಿಯ ಮಟ್ಟಿಗೆ ನಂಬಬಹುದು? ಎರಡು ಸಲ ಅಳೆದರೆ ಸರಿಯಾಗುವ ಸಂಭವ ನಾಲ್ಕಕ್ಕೆ ಒಂದರಂತೆ, ಮೂರು ಸಲಕ್ಕೆ ಏಳಕ್ಕೆ ಒಂದು, ನಾಲ್ಕು ಸಲಕ್ಕೆ ಹನ್ನೆರಡಕ್ಕೆ ಒಂದು, ಐದಕ್ಕೆ ಹತ್ತೊಂಬತ್ತಕ್ಕೆ ಒಂದು ಎಂದು ಅವನು ಲೆಕ್ಕ ಹಾಕಿದನು. 82 ಸಲ ಅಳೆದರೆ ತಪ್ಪುವ ಭಯವೇ ಇಲ್ಲವೆನ್ನಬಹುದು. ಆದರೆ 82 ಸಲ ಅಳೆಯುವ ಖರ್ಚು ಯಾರದು? ಹತ್ತಕ್ಕೆ ಒಂದರ ಭರವಸೆ ವ್ಯಾಪಾರಕ್ಕೆ ಸಾಕೆಂದಾದರೆ ನಾಲ್ಕು ಅಳತೆಗಳೇ ಸಾಕು. ಸತ್ಯಕ್ಕೂ ಒಂದು ವೆಚ್ಚವುಂಟೆಂಬ ಈ ವರ್ತಕಬುದ್ಧಿಯನ್ನು ಕಡೆಯವರೆಗೂ ಅವನು ಬಿಟ್ಟುಕೊಡಲಿಲ್ಲ. ಅವನ ಹಿರಿಮೆ ಇರುವುದೂ ಅಲ್ಲಿಯೇ ಎಂದು ನನಗೆ ತೋರುತ್ತದೆ.

ತೊಡಕು ಇನ್ನೊಂದು ಕಡೆಯಿತ್ತು. ಅಂದಿನ ಸಂಖ್ಯಾಶಾಸ್ತ್ರದ ಸೂತ್ರಗಳೆಲ್ಲ ನೂರಾರು, ಸಾವಿರಾರು ಮಾದರಿಗಳಿಗೆ ಹೊಂದುವಂಥವು. ನಾಲ್ಕೇ ಅಳತೆಗಳಿದ್ದಾಗ ಸರಾಸರಿಯಷ್ಟೇ ಅಲ್ಲ, ಅಳತೆಗಳ ಏರುಪೇರಿನ ಅಂದಾಜೂ ಅಲುಗಾಡುತ್ತದೆ. ಅಳೆಯುವ ಗಜಕಡ್ಡಿಯೇ ಹಿಗ್ಗಿ ಕುಗ್ಗಿದಂತೆ. 1905ರ ಬೇಸಗೆಯಲ್ಲಿ ಗಾಸೆಟ್ ಸೈಕಲ್ ಏರಿ, ರಜೆಯಲ್ಲಿದ್ದ ಕಾರ್ಲ್ ಪಿಯರ್ಸನ್ನನನ್ನು ಕಂಡನು. ಪಿಯರ್ಸನ್ ಆ ಶಾಸ್ತ್ರದ ಅಂದಿನ ಚಕ್ರವರ್ತಿ. 1906ರಲ್ಲಿ ಬ್ರೂವರಿಯೇ ಅವನನ್ನು ಲಂಡನ್ನಿನಲ್ಲಿದ್ದ ಪಿಯರ್ಸನ್ನನ ಪ್ರಯೋಗಶಾಲೆಗೆ ಕಳುಹಿಸಿತು. (ಆ ವರ್ಷವೇ ನಮ್ಮ ಬಳ್ಳಾರಿ ಸೀಮೆಯ ಹಗರಿಯಲ್ಲಿಯೂ ಕೃಷಿ ಸಂಶೋಧನಾ ಕೇಂದ್ರ ಆರಂಭವಾಯಿತು.) ಸಾವಿರಗಳಲ್ಲಿ ಎಣಿಸುತ್ತಿದ್ದ ಗುರುವಿಗೆ ನಾಲ್ಕರ ಚಿಂತೆ ಅಷ್ಟು ಮುಖ್ಯವೆನಿಸಲಿಲ್ಲ. ಆದರೂ ಅಡ್ಡಿಮಾಡಲಿಲ್ಲ.

ಅಲ್ಲಿ ಗಾಸೆಟ್ ಮಾಡಿದ ಕೆಲಸದ ಸರಳತೆಯನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ. 3,000 ಮಂದಿ ಸೆರೆಯಾಳುಗಳ ಎತ್ತರ ಮತ್ತು ಎಡಗೈಯ ನಡುಬೆರಳಿನ ಉದ್ದವನ್ನು ಅಳೆದಿದ್ದ ಒಂದು ಪಟ್ಟಿ ಅವನ ಕೈಗೆ ಸಿಕ್ಕಿತು. ಅವನ್ನು ರಟ್ಟಿನ ಚೀಟಿಗಳ ಮೇಲೆ ಬರೆದು, ಇಸ್ಪೀಟಿನಂತೆ ಕಲಸಿ, ನಾಲ್ಕು ನಾಲ್ಕಾಗಿ ವಿಂಗಡಿಸಿ 750 ಕಟ್ಟುಗಳನ್ನು ಮಾಡಿದನು. ಒಂದೊಂದು ಕಟ್ಟಿನ ಸರಾಸರಿ, ಒಂದೊಂದರ ಏರುಪೇರು, ಎಲ್ಲವೂ ಕೈಲೆಕ್ಕ. ತಾನು ಕಾಗದದ ಮೇಲೆ ಪಡೆದ, ಒಂದೆರಡು ಕಡೆ ಊಹೆಯಿಂದ ದಾಟಿಕೊಂಡ ಸೂತ್ರ ಈ 750 ಕಟ್ಟುಗಳಿಗೆ ಹೊಂದುವುದೇ ಎಂದು ಹೋಲಿಸಿದನು. ಹೊಂದಿತು. ಐರ್ಲೆಂಡಿನ ಬೀರಿಗೂ ಸಿರುಗುಪ್ಪದ ಭತ್ತಕ್ಕೂ ಸಲ್ಲುವ ನಿಯಮವೊಂದು ಸೆರೆಮನೆಯ ಬೆರಳುಗಳ ಸಾಕ್ಷ್ಯದಿಂದ ಸ್ಥಿರಪಟ್ಟಿತು.

ಆ ನಿಯಮ ಹೇಳುವುದಿಷ್ಟೆ. ಮಾದರಿಗಳು ಅಸಂಖ್ಯವಾಗಿದ್ದರೆ, ಕಂಡ ವ್ಯತ್ಯಾಸ ತನ್ನ ದೋಷದ ಅಳತೆಗಿಂತ 1.96 ಪಟ್ಟು ಮೀರಿದಾಗ, ಬರಿಯ ಆಕಸ್ಮಿಕದಿಂದ ಅಷ್ಟಾಗುವ ಸಂಭವ ಇಪ್ಪತ್ತಕ್ಕೆ ಒಂದು. ಹತ್ತೇ ಮಾದರಿಗಳಿದ್ದರೆ ಅಷ್ಟೇ ಭರವಸೆಗೆ 2.26 ಪಟ್ಟು ಬೇಕು; ನಾಲ್ಕೇ ಇದ್ದರೆ 3.18 ಪಟ್ಟು. ಸಾಕ್ಷಿಗಳು ಕಡಿಮೆಯಾದಷ್ಟೂ ಸಾಕ್ಷ್ಯ ಗಟ್ಟಿಯಾಗಿರಬೇಕು. ನಾಲ್ಕು ಮಡಿಗಳ ಮಾತನ್ನು ತಳ್ಳಿಹಾಕಬೇಕಾಗಿಲ್ಲ, ಕಣ್ಣುಮುಚ್ಚಿ ನಂಬಬೇಕಾಗಿಯೂ ಇಲ್ಲ.

ಈ ಲೇಖನ 1908ರಲ್ಲಿ ಪಿಯರ್ಸನ್ನನ ಬಯೋಮೆಟ್ರಿಕಾ ಪತ್ರಿಕೆಯಲ್ಲಿ ಬಂತು. ಬರೆದವನ ಹೆಸರು ಸ್ಟೂಡೆಂಟ್ ಎಂದಷ್ಟೇ. ಹಿಂದೆ ಉದ್ಯೋಗಿಯೊಬ್ಬನ ಬರಹದಿಂದ ತಯಾರಿಕೆಯ ಗುಟ್ಟು ಬಯಲಾಗಿದ್ದುದರಿಂದ ಗಿನ್ನೆಸ್ ತನ್ನವರು ಏನನ್ನೂ ಪ್ರಕಟಿಸಕೂಡದೆಂದು ಕಟ್ಟುಮಾಡಿತ್ತು. ಸ್ವಂತ ಹೆಸರಿರಬಾರದು, ಬೀರಿನ ಪ್ರಸ್ತಾಪ ಬರಬಾರದು ಎಂಬ ಕರಾರಿನ ಮೇಲೆ ಗಾಸೆಟ್ಟನಿಗೆ ಅನುಮತಿ ದೊರೆಯಿತು. ಯೀಸ್ಟ್ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ 400 ಚೌಕಗಳ ಗಾಜಿನ ಮೇಲೆ ಎಣಿಸುವಾಗ ಬರುವ ದೋಷವನ್ನು ಕುರಿತ 1907ರ ಅವನ ಲೇಖನಕ್ಕೂ ಇದೇ ಸಹಿ. ಹೀಗೆ ಮೂವತ್ತು ವರ್ಷಕಾಲ ಅವನು ಹಗಲು ಬ್ರೂವರಿಯ ಅಧಿಕಾರಿ, ರಾತ್ರಿ ವಿದ್ಯಾರ್ಥಿ.

ಮೊದಲ ಹದಿನೈದು ವರ್ಷ ಆ ಲೇಖನವನ್ನು ಕೇಳಿದವರೇ ಕಡಿಮೆ. ಅದರ ಬೆಲೆಯನ್ನರಿತವನು ರೊನಾಲ್ಡ್ ಫಿಶರ್ ಎಂಬ ಯುವಕ. 1912ರಲ್ಲಿ ಅವನು ಗಾಸೆಟ್ಟನ ಸೂತ್ರಕ್ಕೆ ಕಟ್ಟುನಿಟ್ಟಾದ ಸಾಧನೆಯೊಂದನ್ನು ಬರೆದು ಕಳುಹಿಸಿದನು. ಬಹು ಆಯಾಮಗಳ ಆ ರೇಖಾಗಣಿತ ತನಗೆ ಅರ್ಥವಾಗಲಿಲ್ಲವೆಂದು ಗಾಸೆಟ್ ಸಂಕೋಚವಿಲ್ಲದೆ ಪಿಯರ್ಸನ್ನನಿಗೆ ತಿಳಿಸಿದನು. ಫಿಶರನ 1925ರ ಪುಸ್ತಕದ ಮೂಲಕ ಟಿ-ಪರೀಕ್ಷೆ ಲೋಕವನ್ನೆಲ್ಲ ವ್ಯಾಪಿಸಿತು. ಆ ಪರಂಪರೆ ನಮ್ಮ ಸೀಮೆಯನ್ನೂ ಮುಟ್ಟಿದೆ. 1920ರಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಿಂದ ಕೇಂಬ್ರಿಜಿಗೆ ಹೋಗಿ, ಅದೇ ಫಿಶರನ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದು ಜಗತ್ಪ್ರಸಿದ್ಧರಾದರು, 2023ರಲ್ಲಿ ತೀರಿಕೊಂಡರು.

ಜಗಳಗಂಟರೆಂದು ಹೆಸರಾದ ಪಿಯರ್ಸನ್ ಮತ್ತು ಫಿಶರ್ ಒಬ್ಬರ ಮುಖ ಒಬ್ಬರು ನೋಡದಂತಾದರು. ಗಾಸೆಟ್ ಇಬ್ಬರಿಗೂ ಕೊನೆತನಕ ಸ್ನೇಹಿತನಾಗಿ ಉಳಿದನು. ಮನೆಯಲ್ಲಿ ಅವನಿಗೆ ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಹಣ್ಣಿನ ಗಿಡ ಬೆಳೆಸುವುದು, ಮೀನು ಹಿಡಿಯುವುದು, ಬಡಗಿಕೆಲಸ, ಕೈಯಾರೆ ದೋಣಿ ಕಟ್ಟುವುದು, ಇವು ಅವನ ಬಿಡುವಿನ ಹವ್ಯಾಸಗಳು. 1934ರಲ್ಲಿ ಮೋಟಾರು ದೀಪದ ಕಂಬಕ್ಕೆ ತಾಗಿ ಕಾಲು ಮುರಿದಾಗ, ಹಾಸಿಗೆಯಲ್ಲಿ ಮಲಗಿದ್ದ ಬಿಡುವನ್ನೂ ಲೆಕ್ಕಕ್ಕೆ ಬಳಸಿಕೊಂಡನು.

ಆದರೆ ಹೊಲದ ಪ್ರಶ್ನೆಯಲ್ಲಿ ಈ ಸೌಮ್ಯನೂ ಫಿಶರನಿಗೆ ಮಣಿಯಲಿಲ್ಲ. ಒಳ್ಳೆಯ ಜವೆಗಾಗಿ ಗಾಸೆಟ್ ಐರ್ಲೆಂಡಿನ ಕೃಷಿ ಇಲಾಖೆಯೊಡನೆ ವರ್ಷಾನುಗಟ್ಟಲೆ ದುಡಿದವನು. ಹರ್ಬರ್ಟ್ ಹಂಟರ್ ರೂಪಿಸಿದ ಸ್ಪ್ರಾಟ್-ಆರ್ಚರ್ ತಳಿ ಅಲ್ಲಿಯ ಹೊಲಗಳನ್ನು ತುಂಬಿದ್ದನ್ನು ಕಂಡವನು. ಯಾವ ಮಡಿಗೆ ಯಾವ ತಳಿ ಎಂಬುದನ್ನು ಚೀಟಿಯೆತ್ತಿ ಗೊತ್ತುಮಾಡಬೇಕು, ಆಗ ಮಾತ್ರ ದೋಷದ ಲೆಕ್ಕ ಪ್ರಾಮಾಣಿಕವಾಗುತ್ತದೆ ಎಂಬುದು ಫಿಶರನ ವಾದ. ಗಾಸೆಟ್ ಒಪ್ಪಲಿಲ್ಲ. ಹೊಲದ ಒಂದು ಬದಿ ಫಲವತ್ತು, ಇನ್ನೊಂದು ಬದಿ ಬಡಮಣ್ಣು ಎಂದು ರೈತನಿಗೇ ಗೊತ್ತಿರುವಾಗ ಚೀಟಿಯೇಕೆ? ಎರಡು ತಳಿಗಳನ್ನೂ ಪಟ್ಟೆಪಟ್ಟೆಯಾಗಿ ಅಕ್ಕಪಕ್ಕ ಬಿತ್ತಿದರೆ ಮಣ್ಣಿನ ಭೇದ ತಾನಾಗಿ ಕಳೆದುಹೋಗುತ್ತದೆ. ಮೇಲಾಗಿ, ವ್ಯತ್ಯಾಸ ಆಕಸ್ಮಿಕವಲ್ಲವೆಂದು ತೋರಿಸಿದರೆ ಸಾಲದು. ಎಕರೆಗೆ ಎಷ್ಟು ಲಾಭ, ಅದನ್ನು ತಿಳಿಯಲು ಎಷ್ಟು ಖರ್ಚು ಎಂಬುದೂ ತಿಳಿಯಬೇಕು. ಇಂದು ನಮ್ಮ ಕೇಂದ್ರಗಳಲ್ಲಿ ಬಹುಮಟ್ಟಿಗೆ ಫಿಶರನ ಕ್ರಮವೇ ನಡೆದಿದೆ. ಬೀಜಕ್ಕೆ ಹಣ ಹಾಕುವ ರೈತ ಕೇಳುವುದು ಮಾತ್ರ ಗಾಸೆಟ್ಟನ ಪ್ರಶ್ನೆಯನ್ನು.

1935ರಲ್ಲಿ ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿ ಏಳುತ್ತಿದ್ದ ಗಿನ್ನೆಸ್ಸಿನ ಹೊಸ ಬ್ರೂವರಿಯ ಹೊಣೆ ಹೊತ್ತು ಅವನು ಐರ್ಲೆಂಡನ್ನು ಬಿಟ್ಟನು. 1937ರಲ್ಲಿ ಇಡೀ ಸಂಸ್ಥೆಯ ಮುಖ್ಯ ಬ್ರೂವರ್ ಪದವಿ ಬಂತು. ಅದನ್ನು ಅನುಭವಿಸಿದ್ದು ಕೆಲವೇ ದಿನ. ಅಕ್ಟೋಬರ್ 16ರಂದು ಹೃದಯಾಘಾತದಿಂದ ತೀರಿಕೊಂಡನು. ವಯಸ್ಸು 61. ಮಡಿಗಳನ್ನು ಹೇಗೆ ಹಂಚಬೇಕೆಂಬ ವಾದದಲ್ಲಿ ಅವನ ಕೊನೆಯ ಉತ್ತರ ಮೇಜಿನ ಮೇಲೆ ಉಳಿದಿತ್ತು. 1938ರಲ್ಲಿ ಬಯೋಮೆಟ್ರಿಕಾ ಅದನ್ನು ಅಚ್ಚುಹಾಕಿತು. ಬರೆದವನು ಯಾರೆಂಬುದು ಆಗ ಶಾಸ್ತ್ರಜ್ಞರಿಗೆಲ್ಲ ತಿಳಿದಿತ್ತು. ಆದರೂ ಆ ಲೇಖನಕ್ಕಿದ್ದ ಹೆಸರು ಸ್ಟೂಡೆಂಟ್ ಎಂದೇ.