ಹೆಬ್ಬಾಳದ ಕೋಲ್ಮನ್: ಕೃಷಿ ವಿಜ್ಞಾನ ಮತ್ತು ಸಾಮೂಹಿಕ ಹೊಣೆ

ಮೈಸೂರು ಸಂಸ್ಥಾನದ ಕೃಷಿ ಚರಿತ್ರೆಯಲ್ಲಿ ಲೆಸ್ಲಿ ಕೋಲ್ಮನ್ (1878-1954) ಅವರನ್ನು ಸಂಸ್ಥೆಗಳ ನಿರ್ಮಾಪಕರೆಂದೇ ಗುರುತಿಸಲಾಗುತ್ತದೆ. ಬೆಳೆಯ ರಕ್ಷಣೆ ಒಬ್ಬ ರೈತನಿಂದಾಗದ ಸಾಮೂಹಿಕ ಕಾರ್ಯವೆಂಬುದನ್ನು ಅವರ ಕೆಲಸ ತೋರಿಸಿಕೊಟ್ಟಿತೆಂಬುದು ಅಷ್ಟೇ ಗಮನಾರ್ಹ.

ಕೆನಡಾದಲ್ಲಿ ಜನಿಸಿದ ಕೋಲ್ಮನ್ ಜರ್ಮನಿಯ ಗಟಿಂಗೆನ್‌ನಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೇಟಾಗಿ ಮಾರ್ಪಡಿಸುವ ಕ್ರಿಯೆಯನ್ನು ಅಭ್ಯಸಿಸಿ, 1908ರಲ್ಲಿ ಮೈಸೂರಿನ ಸೇವೆಗೆ ಸೇರಿದರು. ಮಲೆನಾಡಿನ ಅಡಿಕೆ ಬೆಳೆಗಾರರು ಆಗ ಮಳೆಗಾಲದ ಕೊಳೆರೋಗದಿಂದ ಕಂಗೆಟ್ಟಿದ್ದರು. ಗೊನೆಗಳಿಗೆ ಕೊಟ್ಟೆ ಕಟ್ಟುವುದು ಅವರ ಪರಂಪರಾಗತ ಉಪಾಯವಾಗಿತ್ತು. ರೋಗಕಾರಕವಾದ ಫೈಟಾಫ್ತೊರವನ್ನು 1910ರಲ್ಲಿ ವಿವರಿಸಿದ ಕೋಲ್ಮನ್, ಮೈಲುತುತ್ತ ಮತ್ತು ಸುಣ್ಣ ಬೆರೆತ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ರೋಗಕ್ಕೆ ಬೇಲಿಯಿಲ್ಲ, ನೆರೆಯ ತೋಟ ಹಾಗೆಯೇ ಉಳಿದರೆ ಒಬ್ಬನ ಶ್ರಮ ಪೂರ್ಣ ಫಲಿಸದು. ಎಲ್ಲರೂ ಸಕಾಲದಲ್ಲಿ ಸಿಂಪಡಿಸುವುದು ಅನಿವಾರ್ಯವಾಯಿತು.

1899ರಲ್ಲಿ ರೀಜೆಂಟ್ ಮಹಾರಾಣಿಯವರು ಹೆಬ್ಬಾಳದಲ್ಲಿ ನೀಡಿದ 30 ಎಕರೆಯಲ್ಲಿ ಲೆಹ್ಮನ್ ಅವರು ಮಣ್ಣು-ಬೆಳೆಗಳ ಸಂಶೋಧನೆಯನ್ನು ಆರಂಭಿಸಿದ್ದರು. ಅದೇ ಹೆಬ್ಬಾಳದಲ್ಲಿ 1913ರಲ್ಲಿ ಕೃಷಿ ಶಾಲೆ ತೆರೆಯಿತು. ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾದರು. ಮೈಸೂರು ಕೃಷಿ ಮತ್ತು ಪ್ರಾಯೋಗಿಕ ಸಂಘವು ರೈತರನ್ನೂ ವಿಜ್ಞಾನಿಗಳನ್ನೂ ಒಂದೆಡೆ ತಂದಿತು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. 1934ರಲ್ಲಿ ಅವರು ಸೇವೆಯಿಂದ ನಿವೃತ್ತರಾದರು.

ಹೆಬ್ಬಾಳದ ಈ ಪರಂಪರೆಯೇ 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಪದೇ ಪದೇ ಸಿಂಪಡಿಸಿದ ತಾಮ್ರವು ಮಣ್ಣಿನಲ್ಲಿ ಸಂಚಯವಾಗುತ್ತದೆಂಬುದು ಈಗ ತಿಳಿದ ಸಂಗತಿ. ಬೆಳೆಯನ್ನು ಕಾಯಲು ಒಗ್ಗೂಡಿದ ಊರುಗಳು ನೆಲವನ್ನು ಕಾಯಲೂ ಒಗ್ಗೂಡಬೇಕಾಗಿರುವುದು, ಮಣ್ಣಿನ ಜೀವಿಗಳ ಅಧ್ಯಯನದಿಂದಲೇ ಹೊರಟ ಈ ಬದುಕು ಉಳಿಸಿಹೋದ ಪ್ರಶ್ನೆ.