ಕೋಲ್ಮನ್ ಸಾಹೇಬರು

ಹೆಮ್ಮರಗಾಲದಂತಹ ಊರುಗಳಲ್ಲಿ, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ನೀರಾವರಿ ಭೂಮಿಗಳಲ್ಲಿ, ಕಬ್ಬು ಹಾಕುವ ರೈತನು ಬೀಜವನ್ನು ಬಿತ್ತುವುದಿಲ್ಲ. ಬಲಿತ ಜಲ್ಲೆಯನ್ನು ತುಂಡು ಮಾಡಿ, ಗೆಣ್ಣಿನಲ್ಲಿರುವ ಕಣ್ಣು ಹಾಳಾಗದಂತೆ ಸಾಲಿನಲ್ಲಿ ಹೂಳುತ್ತಾನೆ. ಕೆಲವು ದಿನಗಳಲ್ಲಿ ಆ ಕಣ್ಣು ಮೊಳೆಯುತ್ತದೆ. ವರ್ಷ ತುಂಬುವ ವೇಳೆಗೆ ಆಳೆತ್ತರವನ್ನು ಮೀರಿದ ಪೈರು ನಿಲ್ಲುತ್ತದೆ. ತಾಯಿಕಬ್ಬು ಯಾವ ತಳಿಯದೋ ಹೊಸ ಕಬ್ಬೂ ಅದೇ ತಳಿಯದು. ಕಣ್ಣಿನೊಳಗಿನ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಹೋದರೂ, ತಮ್ಮ ಗುಣಗಳನ್ನು ಸಾಮಾನ್ಯವಾಗಿ ಚ್ಯುತಿಯಿಲ್ಲದೆ ದಾಟಿಸುವುದರಿಂದಲೇ ಇದು ಸಾಧ್ಯವಾಗುತ್ತದೆ. ಈ ವಿಭಜನೆಗೆ ಮೈಟಾಸಿಸ್ ಎಂದು ಹೆಸರು. ಇದನ್ನು ಸ್ಪಷ್ಟವಾಗಿ ಕಾಣಲು ನೆರವಾದವರಲ್ಲಿ ಒಬ್ಬರು ಮಂಡ್ಯದ ಬಯಲಿನಲ್ಲಿ ಕಬ್ಬಿನ ಬೇಸಾಯವನ್ನು ಬೆಳೆಸಿದವರೂ ಆಗಿದ್ದರು. ಅವರೇ ಡಾ. ಲೆಸ್ಲಿ ಕೋಲ್ಮನ್.

ಕೋಲ್ಮನ್ನರು ಹುಟ್ಟಿದ್ದು 1878ರಲ್ಲಿ, ಕೆನಡಾ ದೇಶದ ಆಂಟೇರಿಯೊ ಪ್ರಾಂತದಲ್ಲಿ. ಟೊರಾಂಟೊದಲ್ಲಿ ಓದಿ, ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಬೆಳೆಗಳಿಗೆ ತಗಲುವ ಶಿಲೀಂಧ್ರಗಳನ್ನೂ ಕೀಟಗಳನ್ನೂ ಪರೀಕ್ಷಿಸುವುದು ಅವರ ಕೆಲಸವಾಗಿತ್ತು.

ಅವರ ಗಮನವನ್ನು ಬೇಗನೆ ಸೆಳೆದುದು ಮಲೆನಾಡಿನ ಅಡಕೆ ತೋಟಗಳ ಕೊಳೆರೋಗ. ಮಳೆಗಾಲದಲ್ಲಿ ಎಳೆಯ ಕಾಯಿಗಳು ಕೊಳೆತು, ಗೊನೆಗೊನೆಯೇ ಉದುರಿಹೋಗುತ್ತಿತ್ತು. ರೈತರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯಲು ಹೆಣಗುತ್ತಿದ್ದರು. ನೀರಿನಲ್ಲಿ ಈಜಬಲ್ಲ ಬೀಜಕಣಗಳಿಂದ ಹರಡುವ ಒಂದು ಶಿಲೀಂಧ್ರವೇ ಈ ರೋಗಕ್ಕೆ ಮೂಲ. ಕೋಲ್ಮನ್ನರು ಅದನ್ನು ಕೂಲಂಕಷವಾಗಿ ಅಭ್ಯಸಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿದ್ದ, ಮೈಲುತುತ್ತ ಮತ್ತು ಸುಣ್ಣ ಸೇರಿದ ಬೋರ್ಡೊ ದ್ರಾವಣವನ್ನು ಮಳೆ ಬಲಿಯುವ ಮುನ್ನ ಗೊನೆಗಳಿಗೆ ಸಿಂಪಡಿಸಿದರೆ ಫಸಲು ಉಳಿಯುತ್ತದೆಂದು ತೋರಿಸಿದರು. ಮಲೆನಾಡಿನ ತೋಟಗಳಲ್ಲಿ ಈ ಪದ್ಧತಿ ಇಂದಿಗೂ ನಡೆದುಬಂದಿದೆ.

ಜೋಳದ ಹೊಲಗಳಲ್ಲಿ ಮತ್ತೊಂದು ಪೀಡೆಯಿತ್ತು. ಅದು ರೆಕ್ಕೆಯಿಲ್ಲದ ಒಂದು ಬಗೆಯ ಮಿಡತೆ. ಕೋಲ್ಮನ್ನರು ಅದರ ಜೀವನಕ್ರಮವನ್ನು ಅಭ್ಯಸಿಸಿ 1911ರಲ್ಲಿ ವರದಿ ಬರೆದರು. ಪ್ರಾಣಿಶಾಸ್ತ್ರಜ್ಞರು ಆ ಕೀಟಕ್ಕೆ ಅವರ ಹೆಸರನ್ನೇ ಸೇರಿಸಿ ಕೋಲ್ಮೇನಿಯ ಎಂದು ಕರೆದಿದ್ದಾರೆ. ಬೆಳೆ ತಿನ್ನುವ ಮಿಡತೆಗೆ ತಮ್ಮ ಹೆಸರು ಬಂದುದು ಎಲ್ಲರೂ ಬಯಸುವ ಗೌರವವಲ್ಲದಿರಬಹುದು. ಆದರೆ ವಿಜ್ಞಾನದಲ್ಲಿ ಇದು ಸಲ್ಲುವ ಮರ್ಯಾದೆಯೇ.

1913ರಲ್ಲಿ ಅವರು ಸಂಸ್ಥಾನದ ಕೃಷಿ ನಿರ್ದೇಶಕರಾದರು. ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಮುಂದೆ 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ತಲೆಯೆತ್ತಿದ್ದು ಅದೇ ನೆಲದಲ್ಲಿ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ನೆಲೆಗೊಂಡಿತು. ಕೃಷ್ಣರಾಜಸಾಗರದ ನಾಲೆಯ ನೀರು ಮಂಡ್ಯದ ಒಣಭೂಮಿಗೆ ಹರಿದಾಗ, ಅಲ್ಲಿ ಕಬ್ಬು ಬೆಳೆಯಿಸಲು ಮತ್ತು 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಗಲು ಅವರು ಬಹಳ ಶ್ರಮಿಸಿದರು. ಇಷ್ಟೆಲ್ಲ ಹೊಣೆಗಳ ನಡುವೆ ಸೂಕ್ಷ್ಮದರ್ಶಕದ ಮುಂದೆ ನೆಮ್ಮದಿಯಿಂದ ಕುಳಿತುಕೊಳ್ಳಲು ಒಬ್ಬ ಅಧಿಕಾರಿಗೆ ಎಷ್ಟು ಬಿಡುವು ದೊರೆತೀತು?

1934ರಲ್ಲಿ ಕೋಲ್ಮನ್ನರು ನಿವೃತ್ತರಾದರು. ಆಗ ಅವರಿಗೆ ಐವತ್ತಾರು ವರ್ಷ. ವಿಶ್ರಾಂತಿಯನ್ನು ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವರು ಕೆನಡಾಕ್ಕೆ ಮರಳಿ, ತಾವು ಓದಿದ್ದ ಟೊರಾಂಟೊ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಜೀವಕೋಶಗಳ ಅಧ್ಯಯನಕ್ಕೆ ತೊಡಗಿದರು.

ಮೈಟಾಸಿಸ್ ಎಂಬ ಹೆಸರನ್ನು ಬಳಕೆಗೆ ತಂದವನು ಜರ್ಮನಿಯ ವಾಲ್ಟರ್ ಫ್ಲೆಮಿಂಗ್. ಅವನ ಪ್ರಸಿದ್ಧ ಗ್ರಂಥ 1882ರಲ್ಲಿ ಹೊರಬಂದಿತ್ತು. ಬೇರಿನ ತುದಿಯಲ್ಲಿ ಈ ಕ್ರಿಯೆ ಎಡೆಬಿಡದೆ ನಡೆಯುತ್ತಿರುತ್ತದೆ. ಕೋಶವು ಮೊದಲು ಆಹಾರವನ್ನು ಹೀರಿ ಬೆಳೆಯುತ್ತದೆ. ಅದರ ಕೋಶಕೇಂದ್ರದಲ್ಲಿರುವ ವರ್ಣತಂತುಗಳು, ಕಣ್ಣಿಗೆ ಬೀಳದಷ್ಟು ತೆಳುವಾಗಿರುವಾಗಲೇ, ತಮ್ಮ ಪಡಿಯಚ್ಚನ್ನು ನಿರ್ಮಿಸಿಕೊಂಡು ಇಮ್ಮಡಿಯಾಗುತ್ತವೆ. ಬಳಿಕ ಸುರುಳಿಸುತ್ತಿಕೊಂಡು ಗಿಡ್ಡವೂ ದಪ್ಪವೂ ಆಗಿ ಕಾಣಿಸಿಕೊಳ್ಳುತ್ತವೆ. ಕೋಶದ ನಡುವೆ ಸಾಲುಗೊಳ್ಳುತ್ತವೆ. ಪ್ರತಿಯೊಂದು ವರ್ಣತಂತುವೂ ಉದ್ದಕ್ಕೆ ಎರಡು ಎಳೆಗಳಾಗಿ ಬೇರ್ಪಟ್ಟು, ಒಂದು ಎಳೆ ಒಂದು ತುದಿಗೆ, ಇನ್ನೊಂದು ಎಳೆ ಎದುರು ತುದಿಗೆ ಸೆಳೆಯಲ್ಪಡುತ್ತದೆ. ನಡುವೆ ಹೊಸ ಭಿತ್ತಿ ಮೂಡಿದಾಗ ಎರಡು ಕೋಶಗಳಾಗುತ್ತವೆ. ಬಾಕ್ಲ ಎಂಬ ಹುರುಳಿಜಾತಿಯ ಗಿಡದ ಕೋಶದಲ್ಲಿ 12 ವರ್ಣತಂತುಗಳಿವೆ. ವಿಭಜನೆಯಾದ ಮೇಲೆ ಎರಡು ಮರಿಕೋಶಗಳಲ್ಲಿಯೂ ತಲಾ ಹನ್ನೆರಡೇ ಇರುತ್ತವೆ.

ಇದನ್ನು ಹೇಳುವುದು ಸುಲಭ, ನೋಡುವುದು ಕಷ್ಟ. ಜೀವಕೋಶವು ಬಹುಮಟ್ಟಿಗೆ ಬಣ್ಣವಿಲ್ಲದ ವಸ್ತು. ಬಣ್ಣ ಹಚ್ಚದಿದ್ದರೆ ವರ್ಣತಂತುಗಳು ಸರಿಯಾಗಿ ಗೋಚರಿಸವು. ಬಣ್ಣ ಕಲಸಿಹೋದರೆ ಎಣಿಕೆ ತಪ್ಪುತ್ತದೆ. ಮನುಷ್ಯನ ಕೋಶದಲ್ಲಿ 48 ವರ್ಣತಂತುಗಳಿವೆಯೆಂದು ವಿದ್ವಾಂಸರು ಮೂವತ್ತು ವರ್ಷಗಳಿಗೂ ಮಿಗಿಲಾಗಿ ನಂಬಿದ್ದರು. ಅವು 46 ಎಂದು ಸ್ಥಿರಪಟ್ಟುದು 1956ರಲ್ಲಿ. ಜರ್ಮನಿಯ ರಸಾಯನಶಾಸ್ತ್ರಜ್ಞ ಫಾಯ್ಲ್ಗೆನ್ 1924ರಲ್ಲಿ ಒಂದು ಉತ್ತಮ ವಿಧಾನವನ್ನು ಪ್ರಕಟಿಸಿದ್ದನು. ಬೇರಿನ ತುದಿಯನ್ನು ಬಿಸಿಯಾದ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದಲ್ಲಿಟ್ಟು, ಬಳಿಕ ಬಣ್ಣಗೆಡಿಸಿದ ಫುಕ್ಸಿನ್ ದ್ರಾವಣದಲ್ಲಿ ಅದ್ದಿದರೆ, ವರ್ಣತಂತುಗಳಲ್ಲಿರುವ ಡಿ.ಎನ್.ಎ. ಎಂಬ ವಸ್ತುವು ಮಾತ್ರ ನೇರಿಳೆಗೆಂಪಾಗುತ್ತದೆ. ತೊಡಕು ಇದ್ದುದು ದ್ರಾವಣವನ್ನು ಸಿದ್ಧಪಡಿಸುವುದರಲ್ಲಿ. ಎಷ್ಟು ಜಾಗರೂಕತೆಯಿಂದ ಮಾಡಿದರೂ ಅದರಲ್ಲಿ ಹಳದಿ ಛಾಯೆ ಉಳಿದುಬಿಡುತ್ತಿತ್ತು. 1938ರಲ್ಲಿ ಕೋಲ್ಮನ್ನರು ಇದಕ್ಕೊಂದು ಸರಳ ಉಪಾಯವನ್ನು ಎರಡೇ ಪುಟಗಳ ಲೇಖನದಲ್ಲಿ ತಿಳಿಸಿದರು. ದ್ರಾವಣಕ್ಕೆ ಇದ್ದಿಲಿನ ಪುಡಿಯನ್ನು ಹಾಕಿ ಕುಲುಕಿ ಸೋಸಿದರೆ, ಆ ಛಾಯೆಯನ್ನು ಇದ್ದಿಲು ಹೀರಿಕೊಂಡು ತಿಳಿನೀರಿನಂತಹ ದ್ರಾವಣ ದೊರೆಯುತ್ತದೆ. ಇದ್ದಿಲಿಗೆ ಬಣ್ಣ ಹೀರುವ ಗುಣವಿದೆಯೆಂಬುದು ಹೊಸ ಸಂಗತಿಯೇನಲ್ಲ. ಅದನ್ನು ಇಲ್ಲಿಗೆ ತಂದುದೇ ಹೊಸತು. ನಾನಾ ದೇಶಗಳ ಪ್ರಯೋಗಶಾಲೆಗಳು ಈ ಕ್ರಮವನ್ನು ಕೈಗೊಂಡವು.

ಅದಾದ ಮೇಲೆ ಅವರು ಮಿಡತೆಗಳ ಕಡೆಗೆ ಮರಳಿ ತಿರುಗಿದರು. ಆದರೆ ಈ ಬಾರಿ ಅವುಗಳನ್ನು ನಾಶಮಾಡುವ ಉದ್ದೇಶದಿಂದಲ್ಲ. ಮಿಡತೆಯ ವರ್ಣತಂತುಗಳು ದೊಡ್ಡವು, ಸಂಖ್ಯೆಯಲ್ಲಿಯೂ ಹೆಚ್ಚಲ್ಲ. ಗಂಡು ಮಿಡತೆಯಲ್ಲಿ ಎಕ್ಸ್ ಎಂಬ ವರ್ಣತಂತು ಜೋಡಿಯಿಲ್ಲದೆ ಒಂಟಿಯಾಗಿರುತ್ತದೆ. ಅದರ ರಚನೆಯನ್ನು ಕುರಿತ ಅವರ ಲೇಖನ 1943ರಲ್ಲಿ ಪ್ರಕಟವಾಯಿತು. ಹೊಲದ ಬದುವಿನಲ್ಲಿ ಯೌವನದಲ್ಲಿ ಆರಂಭವಾದ ಪರಿಚಯ ಮೂವತ್ತೆರಡು ವರ್ಷಗಳ ತರುವಾಯ ಹೀಗೆ ಗಾಜಿನ ಹಲಗೆಯ ಮೇಲೆ ಮುಂದುವರಿಯಿತು.

ಎಪ್ಪತ್ತನ್ನು ದಾಟಿದರೂ ಕೆಲಸ ನಿಲ್ಲಲಿಲ್ಲ. 1950ರಲ್ಲಿ ಬಾಕ್ಲದ ಕಾಂಡದ ಕೋಶಕೇಂದ್ರಗಳನ್ನು ಕುರಿತು ಬರೆದರು. ಬೆಳೆದ ಕಾಂಡದಲ್ಲಿ ಹಲವು ಕೋಶಗಳು ವಿಭಜನೆಯನ್ನು ನಿಲ್ಲಿಸಿಬಿಡುತ್ತವೆ. ಕೆಲವಂತೂ ತಾವು ಒಡೆಯದೆ ವರ್ಣತಂತುಗಳನ್ನು ಮಾತ್ರ ಇಮ್ಮಡಿ ಮಾಡಿಕೊಳ್ಳುತ್ತವೆ. ಕೋಶವು ಯಾವಾಗ ಒಡೆಯಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಈ ಕಟ್ಟಳೆ ತಪ್ಪಿ ಕೋಶಗಳು ಮಿತಿಯಿಲ್ಲದೆ ಒಡೆಯುತ್ತಹೋಗುವುದನ್ನೇ ವೈದ್ಯರು ಅರ್ಬುದರೋಗವೆನ್ನುತ್ತಾರೆ.

ಮಂಡ್ಯ ಮತ್ತು ಮಲೆನಾಡುಗಳಲ್ಲಿ ಕೋಲ್ಮನ್ನರ ಹೆಸರು ಸಕ್ಕರೆಗೂ ಅಡಕೆಗೂ ಸೇರಿಕೊಂಡಿದೆ. ಟೊರಾಂಟೊದ ಕೆಲಸವನ್ನು ನಮ್ಮಲ್ಲಿ ಬಲ್ಲವರು ವಿರಳ. 1954ರ ಸೆಪ್ಟೆಂಬರ್ 14ರಂದು ಕೆನಡಾದ ಪಶ್ಚಿಮ ತೀರದಲ್ಲಿರುವ ಸಾನಿಚ್ ಎಂಬಲ್ಲಿ ಅವರು ತೀರಿಕೊಂಡರು. ಅವರ ದ್ರಾವಣದಲ್ಲಿ ನೇರಿಳೆಗೆಂಪಾಗುತ್ತಿದ್ದ ಡಿ.ಎನ್.ಎ.ಯ ರಚನೆ ಅದರ ಹಿಂದಿನ ವರ್ಷವಷ್ಟೇ ಕೇಂಬ್ರಿಜ್‌ನಲ್ಲಿ ಬೆಳಕಿಗೆ ಬಂದಿತ್ತು.